ವಿನಯಕ್ಕೆ ಅಂಕ ಕೊಡುವವರು ಯಾರು?

“ನಾನು ವಿನಯವಂತ. ಈ ಮಾತು ನಿಮಗೆ ಎಷ್ಟರ ಮಟ್ಟಿಗೆ ಹೊಂದುತ್ತದೆ? ಒಂದರಿಂದ ಏಳರೊಳಗೆ ಒಂದು ಅಂಕಿಗೆ ಗುರುತು ಹಾಕಿ.”

ಯಾರೋ ಒಬ್ಬರು ಏಳಕ್ಕೆ ಗುರುತು ಹಾಕಿದರು ಅಂತ ಇಟ್ಟುಕೊಳ್ಳಿ. ಅವರನ್ನು ಏನಂತ ತಿಳಿಯೋದು? ನಿಜವಾಗಿ ವಿನಯ ಇದ್ದವರು ಏಳು ಅಂತ ಬರೆಯೋಕೆ ಸಂಕೋಚಪಟ್ಟು ನಾಲ್ಕಕ್ಕೇ ನಿಲ್ಲುತ್ತಾರೆ. ಜಂಬದವರಿಗೆ ಆ ಸಂಕೋಚ ಇಲ್ಲ, ಸೀದಾ ಏಳು. ಹಾಗಾದರೆ ಅಂಕ ಕಡಿಮೆ ಇದ್ದಷ್ಟೂ ಗುಣ ಜಾಸ್ತಿ ಅಂತ ಲೆಕ್ಕ ಹಿಡಿಯೋಣ ಅಂದರೆ ಅದೂ ಆಗಲ್ಲ. ಒಂದಕ್ಕೆ ಗುರುತು ಹಾಕಿದವರಲ್ಲಿ ನಿಜಕ್ಕೂ ಜಂಬದವರೇ ಇರಬಹುದು. ಪಾಪ, ಅವರು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಾರೆ ಅಷ್ಟೇ.

ನಾನು ಶಿವಮೊಗ್ಗದ ಒಂದು ಡಿಗ್ರಿ ಕಾಲೇಜಿನಲ್ಲಿ ಮನೋವಿಜ್ಞಾನ ಹೇಳಿಕೊಡುವವಳು. ನಮ್ಮ ವಿಷಯ ಈ ಸೀಮೆಗೆ ಬಂದದ್ದೇ ಅಳತೆಯ ಪಟ್ಟಿ ಹಿಡಿದುಕೊಂಡು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಶುರುವಾದಾಗ ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಅವರು ಲಂಡನ್ನಿನಲ್ಲಿ ಓದಿದ್ದು ಚಾರ್ಲ್ಸ್ ಸ್ಪಿಯರ್‌ಮನ್ ಹತ್ತಿರ, ಅಂದರೆ ಬುದ್ಧಿಶಕ್ತಿಯನ್ನು ಅಂಕಿಯಲ್ಲಿ ಹಿಡಿಯಲು ಹೊರಟವರ ಹತ್ತಿರ. (1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಅನ್ನೋ ಹೆಸರಿನ ಬಾನುಲಿ ಶುರು ಮಾಡಿದವರೂ ಇದೇ ಗೋಪಾಲಸ್ವಾಮಿ. ರೇಡಿಯೋದ ಹಿಂದೆ ಒಬ್ಬ ಮನೋವಿಜ್ಞಾನದ ಮೇಷ್ಟ್ರು ಇದ್ದರು ಅಂದರೆ ನನ್ನ ವಿದ್ಯಾರ್ಥಿಗಳು ಇವತ್ತಿಗೂ ನಂಬಲ್ಲ.) ಬುದ್ಧಿ, ಆತಂಕ, ಖಿನ್ನತೆ, ಸಿಟ್ಟು, ಎಲ್ಲಕ್ಕೂ ನಮ್ಮ ಲ್ಯಾಬಿನ ಬೀರುವಿನಲ್ಲಿ ಪ್ರಶ್ನಾವಳಿಗಳ ಕಟ್ಟುಗಳಿವೆ. ವಿನಯದ್ದು ಇಲ್ಲ. ಸದ್ಗುಣಗಳ ಪಾಠ ಬಂದಾಗ ಯಾರಾದರೂ ಕೇಳೇ ಕೇಳುತ್ತಾರೆ, “ಮೇಡಂ, ಇದನ್ನ ಅಳೆಯೋದು ಹ್ಯಾಗೆ?”

ಇದೊಂದೇ ಪ್ರಶ್ನೆಯ ಬೆನ್ನು ಹತ್ತಿ ವರ್ಷಗಟ್ಟಲೆ ಕೂತ ಪ್ರೊಫೆಸರುಗಳು ಅಮೆರಿಕದಲ್ಲಿದ್ದಾರೆ. ಅವರು ಬರೆದದ್ದನ್ನು ಓದುವಾಗಲೆಲ್ಲ ನನಗೆ ನಮ್ಮ ಮಲೆನಾಡಿನ ಜಗಲಿಗಳು ನೆನಪಾಗುತ್ತವೆ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಕಡೆ ಊಟಕ್ಕೆ ಕರೆದವರು “ಎಂತ ಮಾಡಿಲ್ಲ ಮಾರಾಯ್ತಿ, ಬರೀ ಅನ್ನ-ಸಾರು” ಅಂತಾರೆ. ಎಲೆ ಮುಂದೆ ಕೂತರೆ ಕಳಲೆ ಪಲ್ಯ, ಅಪ್ಪೆಹುಳಿ, ಎರಡು ನಮೂನೆ ತಂಬುಳಿ, ಹಲಸಿನ ಹಪ್ಪಳ, ಮೇಲೊಂದು ಪಾಯಸ. ಫಸಲು ಹೇಗೆ ಅಂತ ಕೇಳಿ ನೋಡಿ. “ಎಂತ ಫಸಲು, ಕೊಳೆ ಬಂದು ಎಲ್ಲ ಹೋತು.” ಹಾಗೆ ಹೇಳುವವರ ಬೆನ್ನ ಹಿಂದೆಯೇ ಅಟ್ಟದ ತುಂಬ ಅಡಿಕೆ ಹರವಿರುತ್ತದೆ. ಮಗಳಿಗೆ ಮೆಡಿಕಲ್ ಸೀಟು ಸಿಕ್ಕರೆ “ಏನೋ ದೇವರು ದಾರಿ ತೋರಿಸಿದ, ನಮ್ದೇನಿದೆ” ಅಂತಾರೆ. ರ‍್ಯಾಂಕ್ ಎಷ್ಟು ಅಂತ ನಾವು ಕೇಳುವ ತನಕ ಮಾತು ಬೇರೆ ಕಡೆ ತಿರುಗೋಕೂ ಬಿಡಲ್ಲ.

ಇದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಇದು ನಮ್ಮ ನಡವಳಿಕೆ. ಕಣ್ಣು ಬೀಳಬಾರದು, ಸಾಲ ಕೇಳಬಾರದು, ಬಂದವರಿಗೆ ತಾವು ಸಣ್ಣವರು ಅನ್ನಿಸಬಾರದು, ಎಲ್ಲವೂ ಅದರಲ್ಲಿ ಸೇರಿದೆ. ಆದರೆ ಇಂಥ ಊರಿನಲ್ಲಿ ಒಂದರಿಂದ ಏಳರ ಪ್ರಶ್ನಾವಳಿ ಹಂಚಿದರೆ ಸಿಗೋದು ಆ ಮನೆಯ ಮಾತಿನ ರೀತಿ ಮಾತ್ರ. ಮನಸ್ಸಿನ ವಿಷಯ ಸಿಗಲ್ಲ. ನಮ್ಮವರಿಗೂ ಇದು ಗೊತ್ತಿಲ್ಲದ್ದೇನಲ್ಲ. “ನಮ್ದೇನಿದೆ” ಅಂತ ಕೈಮುಗಿದು ಹೊರಟವರು ಅಂಗಳ ದಾಟಿದ್ದೇ ತಡ, “ಅತಿ ವಿನಯಂ ಧೂರ್ತ ಲಕ್ಷಣಂ” ಅಂತ ಒಬ್ಬರಾದರೂ ಕವಳ ಉಗಿಯುತ್ತಾ ಹೇಳುತ್ತಾರೆ.

ಅಮೆರಿಕದಲ್ಲಿ ಕಷ್ಟ ಇನ್ನೊಂದು ಥರದ್ದು. 1981ರಲ್ಲಿ ಓಲಾ ಸ್ವೆನ್ಸನ್ ಅನ್ನುವವರು ವಾಹನ ಓಡಿಸುವವರನ್ನು, ನಿಮ್ಮ ಕೌಶಲ ಉಳಿದವರಿಗೆ ಹೋಲಿಸಿದರೆ ಹೇಗಿದೆ ಅಂತ ಕೇಳಿದರು. ಅಮೆರಿಕದ ಗುಂಪಿನಲ್ಲಿ ಶೇಕಡಾ 93 ಜನ ತಮ್ಮನ್ನು ಮೇಲಿನ ಅರ್ಧದಲ್ಲಿ ಇಟ್ಟುಕೊಂಡರು. ಸ್ವೀಡನ್ನಿನ ಗುಂಪಿನಲ್ಲಿ ಶೇಕಡಾ 69. ಮೇಲಿನ ಅರ್ಧದಲ್ಲಿ ಹಿಡಿಸೋದು ಐವತ್ತೇ ಜನ, ಅಲ್ವಾ? ನಮ್ಮವರನ್ನು ಕೇಳಿದರೆ “ಏನೋ ಸುಮಾರಾಗಿ ಓಡಿಸ್ತೀನಿ” ಅಂತಲೇ ಉತ್ತರ ಬರುತ್ತಿತ್ತೇನೋ. ಅದೇ ಮನುಷ್ಯ ಆಗುಂಬೆ ಘಾಟಿಯ ತಿರುವಿನಲ್ಲಿ, ಎದುರಿಗೆ ಬಸ್ಸು ಕಾಣಿಸುತ್ತಿದ್ದರೂ, ಓವರ್‌ಟೇಕ್ ಮಾಡುವುದನ್ನು ನೋಡಬೇಕು.

ಈ ವಿಷಯಕ್ಕೆ ಒಂದು ನೆಲೆ ಹಾಕಿಕೊಟ್ಟವರು ವರ್ಜೀನಿಯಾದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಜೂನ್ ಟ್ಯಾಂಗ್ನಿ. ಅವರ ದಾರಿಯೇ ಕುತೂಹಲದ್ದು. ಅವರು ಹೆಸರು ಮಾಡಿದ್ದು ನಾಚಿಕೆ ಮತ್ತು ತಪ್ಪಿತಸ್ಥ ಭಾವನೆಗಳ ಅಧ್ಯಯನದಲ್ಲಿ. ‘ನಾನು ಮಾಡಿದ್ದು ಕೆಟ್ಟದ್ದು’ ಅಂತ ಅನ್ನಿಸೋದು ಬೇರೆ, ‘ನಾನೇ ಕೆಟ್ಟವಳು’ ಅಂತ ಅನ್ನಿಸೋದು ಬೇರೆ. ಮೊದಲನೆಯದು ಮನುಷ್ಯನನ್ನು ರಿಪೇರಿ ಕಡೆಗೆ ತಳ್ಳುತ್ತದೆ. ಎರಡನೆಯದು ಮೂಲೆಗೆ ತಳ್ಳುತ್ತದೆ, ಇಲ್ಲಾ ಬೇರೆಯವರ ಮೇಲೆ ಹರಿಹಾಯುವಂತೆ ಮಾಡುತ್ತದೆ. ಈ ವ್ಯತ್ಯಾಸವನ್ನು ಹಿಡಿದು ಬಹಳ ಕಾಲ ಕೆಲಸ ಮಾಡಿದ ಮೇಲೆ, 2000ರಲ್ಲಿ ಅವರು ವಿನಯದ ಬಗ್ಗೆ ಒಂದು ದೊಡ್ಡ ಪ್ರಬಂಧ ಬರೆದರು. ತನ್ನನ್ನು ಕೀಳಾಗಿ ಕಾಣೋದು ವಿನಯ ಅಲ್ಲ ಅನ್ನೋದು ಅದರ ಮುಖ್ಯ ಮಾತು. ತನ್ನ ಶಕ್ತಿ ಎಷ್ಟಿದೆಯೋ ಅಷ್ಟನ್ನೇ ಕಾಣೋದು, ತಪ್ಪನ್ನೂ ಗೊತ್ತಿಲ್ಲದ್ದನ್ನೂ ಒಪ್ಪೋದು, ಹೊಸ ಮಾತಿಗೆ ಕಿವಿ ಕೊಡೋದು, ಯಾವಾಗಲೂ ತನ್ನ ಬಗ್ಗೆಯೇ ಯೋಚನೆ ಮಾಡದೇ ಇರೋದು, ಬೇರೆ ಬೇರೆ ಜನ ಬೇರೆ ಬೇರೆ ರೀತಿ ಬೆಲೆಯುಳ್ಳವರು ಅಂತ ತಿಳಿಯೋದು. ನಾಚಿಕೆಯಿಂದ ಕುಗ್ಗಿದವರನ್ನು ಅಷ್ಟು ಹತ್ತಿರದಿಂದ ನೋಡಿದವರೇ ಈ ಗೆರೆ ಎಳೆದರು ಅನ್ನೋದು ನನಗೆ ಇಷ್ಟವಾದ ಸಂಗತಿ.

ಟ್ಯಾಂಗ್ನಿಯವರ ಪಟ್ಟಿಯನ್ನು ನಾನು ಪಾಠ ಮಾಡುವಾಗ ನೆನಪಾಗುವವರು ನನ್ನ ತವರಿನ ಕೊನೆಗೌಡರು. ಹೊಸನಗರದ ಕಡೆಯ ನಮ್ಮ ತೋಟಕ್ಕೂ ಸುತ್ತಲಿನ ಎಷ್ಟೋ ತೋಟಕ್ಕೂ ಕೊನೆ, ಅಂದರೆ ಅಡಿಕೆಯ ಗೊನೆ, ತೆಗೆಯುವವರು ಅವರೇ. ಕಾಲಿಗೆ ತಳೆ ಹಾಕಿ ಒಂದು ಮರ ಹತ್ತಿದರೆಂದರೆ ಕೆಳಗೆ ಇಳಿಯುವುದೇ ಅಪರೂಪ. ತುದಿಯಲ್ಲೇ ಮರ ತೂಗಿ ಪಕ್ಕದ ಮರ ಹಿಡಿದು ದಾಟುತ್ತಾರೆ. ಕೊನೆ ಕೊಯ್ದು ಹಗ್ಗಕ್ಕೆ ಜಾರಿಸಿದರೆ ಕೆಳಗೆ ಹಿಡಿದವನ ಕೈಗೆ ಒಂದು ಕಾಯಿಯೂ ಉದುರದೆ ಬರುತ್ತದೆ. ಕೆಂಪಡಿಕೆ ಮಾಡುವ ಮನೆಗೆ ಕಾಯಿ ಎಳಸಿರುವಾಗಲೇ ಕೊಯ್ಯಬೇಕು, ಬಲಿತರೆ ಅದು ಚಾಲಿಗೆ, ಅಂದರೆ ಬೇಯಿಸದೆ ಒಣಗಿಸುವ ಅಡಿಕೆಗೆ, ಹೋಯಿತು. ಯಾವ ಕೊನೆ ಇವತ್ತು, ಯಾವುದು ಇನ್ನೊಂದು ಕೊಯ್ಲಿಗೆ ಅನ್ನೋದನ್ನು ಅವರು ಕೆಳಗಿನಿಂದಲೇ ನೋಡಿ ಹೇಳುತ್ತಾರೆ.

ಅವರನ್ನು ಕೇಳಿದರೆ “ನಂದೇನಿದೆ” ಅನ್ನೋ ಮಾತು ಬರಲ್ಲ. “ಈ ಸೀಮೆಲಿ ನನ್ನಂಗೆ ಮರ ದಾಟೋನು ಇಲ್ಲ ಬಿಡಿ ಅಮ್ಮ” ಅಂತ ಮುಖಕ್ಕೆ ಹೇಳುತ್ತಾರೆ. ಆದರೆ ರಾತ್ರಿ ಮಳೆ ಬಿದ್ದಿದ್ದರೆ ಬೆಳಿಗ್ಗೆ ಮರ ಹತ್ತಲ್ಲ. ನಮ್ಮ ಚಿಕ್ಕಪ್ಪ ಜಗಲಿಯಲ್ಲಿ ನಿಂತು “ಬಿಸಿಲು ಬಂತಲ್ಲ ಮಾರಾಯ” ಅಂತ ಎಷ್ಟು ಗೊಣಗಿದರೂ, ಮರವನ್ನು ಅಂಗೈಯಿಂದ ಒಮ್ಮೆ ಸವರಿ, ತಲೆ ಅಲ್ಲಾಡಿಸಿ, ಕವಳ ಹಾಕಲು ಕೂರುತ್ತಾರೆ. ಈಚೆಗೆ ಫೈಬರ್ ದೋಟಿ ಬಂತು. ಮರ ಹತ್ತದೆ ನೆಲದ ಮೇಲೇ ನಿಂತು ಕೊನೆ ಕೊಯ್ಯಬಹುದು. ಜೀವನವೆಲ್ಲ ಮರದ ಮೇಲೆ ಕಳೆದ ಮನುಷ್ಯ, ಅದು ಕೆಲಸವೇ ಅಲ್ಲ ಅಂತ ಬಿಡಬಹುದಿತ್ತು. ಅವರು ತಮ್ಮನ ಮಗನ ಹತ್ತಿರ ಕಲಿತರು. ಆ ಹುಡುಗ ಎಲ್ಲರೆದುರು “ಅಯ್ಯೋ ದೊಡ್ಡಪ್ಪ, ಹಂಗಲ್ಲ” ಅಂತ ದೋಟಿ ಕಸಿದುಕೊಂಡು ತೋರಿಸುತ್ತಿದ್ದ. ಇವರು ಪಕ್ಕದಲ್ಲಿ ನಿಂತು ನೋಡಿ, ಇನ್ನೊಂದು ಸಲ ತೋರಿಸು ಅನ್ನುತ್ತಿದ್ದರು.

ಪ್ರಶ್ನಾವಳಿ ಕೊಟ್ಟರೆ ಕೊನೆಗೌಡರಿಗೆ ಅಂಕ ಕಡಿಮೆ ಬರುತ್ತದೆ. ಚಿಕ್ಕಪ್ಪನಿಗೆ ಜಾಸ್ತಿ ಬರುತ್ತದೆ. ನನ್ನನ್ನು ಕೇಳಿದರೆ ಅದು ತಲೆಕೆಳಗು.

ಇನ್ನು ಎವರೆಟ್ ವರ್ದಿಂಗ್ಟನ್. ಈ ಕ್ಷೇತ್ರದಲ್ಲಿ ಒಬ್ಬರ ವೃತ್ತಿಜೀವನವನ್ನು ಇಡಿಯಾಗಿ ನೋಡಬೇಕು ಅಂದರೆ ಇವರದ್ದನ್ನು ನೋಡಬೇಕು. ಮೊದಲು ಓದಿದ್ದು ಪರಮಾಣು ಎಂಜಿನಿಯರಿಂಗ್. ಅಮೆರಿಕದ ನೌಕಾಪಡೆಯಲ್ಲಿ ಅದನ್ನೇ ಪಾಠ ಮಾಡಿದರು. ಆಮೇಲೆ ಅದನ್ನು ಬಿಟ್ಟು ಆಪ್ತಸಮಾಲೋಚನೆಯಲ್ಲಿ ಪಿಎಚ್‌ಡಿ ಮಾಡಿ 1978ರಲ್ಲಿ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯ ಸೇರಿದರು. ಜಗಳವಾಡಿಕೊಂಡು ಬರುವ ಗಂಡ-ಹೆಂಡಿರಿಗೆ ಸಲಹೆ ಕೊಡುತ್ತಾ ಕೊಡುತ್ತಾ ಕ್ಷಮೆಯ ಅಧ್ಯಯನಕ್ಕೆ ಇಳಿದರು. 1995ರ ಕೊನೆಯ ರಾತ್ರಿ, ಊರೆಲ್ಲ ಹೊಸ ವರ್ಷಕ್ಕೆ ಕಾಯುತ್ತಿದ್ದಾಗ, ಕಳವಿಗೆ ಮನೆಗೆ ನುಗ್ಗಿದವರು ಅವರ ತಾಯಿಯನ್ನು ಕೊಂದರು. ಕ್ಷಮೆಯ ಬಗ್ಗೆ ಪುಸ್ತಕ ಬರೆದು ಮುಗಿಸಿದ್ದ ಮನುಷ್ಯ ಅವರು.

ಆಗ ತಮ್ಮೊಳಗೆ ಆದದ್ದನ್ನು ಅವರು ಮುಚ್ಚಿಟ್ಟಿಲ್ಲ. ಗೋಡೆಗೆ ಒರಗಿಸಿದ್ದ ಬೇಸ್‌ಬಾಲ್ ಬ್ಯಾಟ್ ತೋರಿಸಿ, ಆ ಕೊಲೆಗಾರ ಈಗ ಇಲ್ಲಿದ್ದಿದ್ದರೆ ಇದರಲ್ಲೇ ಹೊಡೆದು ಸಾಯಿಸುತ್ತಿದ್ದೆ ಅಂದರಂತೆ. ರಾತ್ರಿ ನಿದ್ದೆ ಬಾರದೆ ಆ ಮಾತನ್ನೇ ಯೋಚಿಸಿದರು. ಕಳವಿಗೆ ಬಂದ ಹುಡುಗ ಗಾಬರಿಯಲ್ಲಿ ಮಾಡಿದ್ದನ್ನು ತಾನು ತಣ್ಣಗೆ ಕೂತು ಮಾಡಲು ಬಯಸಿದೆನಲ್ಲ ಅಂತ ಅನ್ನಿಸಿತು. ಅಲ್ಲಿಂದ ಕ್ಷಮೆಯ ದಾರಿ ಹಿಡಿದರು. ಅಪರಾಧಿಗೆ ಶಿಕ್ಷೆ ಆಗಲೇ ಇಲ್ಲ. ಮುಂದೆ ಅವರ ಕ್ಷಮೆಯ ವಿಧಾನವನ್ನು ಕೊಲಂಬಿಯಾ, ಉಕ್ರೇನ್, ದಕ್ಷಿಣ ಆಫ್ರಿಕಾ, ಇಂಡೋನೇಷ್ಯಾ, ಹಾಂಗ್‌ಕಾಂಗ್ ಹೀಗೆ ಐದು ಕಡೆ 4,598 ಜನರ ಮೇಲೆ ಪರೀಕ್ಷಿಸಿ ನೋಡಿದರು. ತಾವೇ ಮಾಡಿಕೊಳ್ಳುವ ಒಂದು ಸಣ್ಣ ಅಭ್ಯಾಸ ಪುಸ್ತಕದಿಂದ ಮನಸ್ಸಿನ ಕಹಿಯೂ ಖಿನ್ನತೆ-ಆತಂಕವೂ ಇಳಿಯುತ್ತವೆ ಅಂತ 2024ರಲ್ಲಿ ಪ್ರಕಟವಾಯಿತು.

ಇಂಥವರು ಕ್ಷಮೆಯಿಂದ ವಿನಯದ ಕಡೆ ಬಂದದ್ದು ಸಹಜ ಅಂತ ನನಗನ್ನಿಸುತ್ತದೆ. ವರ್ದಿಂಗ್ಟನ್, ಅವರ ಶಿಷ್ಯರಾದ ಡಾನ್ ಡೇವಿಸ್, ಜೋಶುವಾ ಹುಕ್, ಇವರೆಲ್ಲ ಸೇರಿ ಅಳತೆಯ ಪ್ರಶ್ನೆಯನ್ನು ಮಗುಚಿ ಹಾಕಿದರು. ವಿನಯದ ಬಗ್ಗೆ ಆ ಮನುಷ್ಯನನ್ನೇ ಯಾಕೆ ಕೇಳಬೇಕು? ಅವನ ಜೊತೆ ಬಾಳುವವರನ್ನು ಕೇಳಿ ಅಂದರು. 2011ರಲ್ಲಿ ಅವರು ತಂದ ಅಳತೆಪಟ್ಟಿಯಲ್ಲಿ 16 ವಾಕ್ಯಗಳಿವೆ. ಎಲ್ಲವೂ ಇನ್ನೊಬ್ಬರ ಬಗ್ಗೆ. ಈ ವ್ಯಕ್ತಿ ತಾನೇ ಮೇಲು ಅಂತ ತಿಳಿದುಕೊಂಡಿದ್ದಾನಾ? ತನ್ನ ಬಲ, ತನ್ನ ಕೊರತೆ ಇವನಿಗೆ ಗೊತ್ತಿದೆಯಾ? ಆ ಧಾಟಿ.

ಇದರ ಜೊತೆಗೆ ಅವರು ಹೇಳಿದ ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯ. ಆರಾಮಾಗಿದ್ದಾಗ ವಿನಯ ಕಾಣಿಸಲ್ಲ. ಅಪಾಯ ಇಲ್ಲದ ಕಡೆ ಧೈರ್ಯ ಇದೆಯೋ ಇಲ್ಲವೋ ಹೇಳೋಕೆ ಆಗಲ್ಲವಲ್ಲ, ಹಾಗೇ ಇದು. ಅಹಂಕಾರ ಏಳುವ ಜಾಗಗಳಲ್ಲೇ ಅದನ್ನು ನೋಡಬೇಕು. ಜಗಳದಲ್ಲಿ ನೋಡಬೇಕು. ಸನ್ಮಾನ ಸಿಕ್ಕಾಗ ನೋಡಬೇಕು. ಒಬ್ಬರ ಕೈಯಲ್ಲಿ ಅಧಿಕಾರ ಇದ್ದು ಇನ್ನೊಬ್ಬರ ಕೈ ಖಾಲಿ ಇರುವ ಕಡೆ ನೋಡಬೇಕು.

ನಮ್ಮಲ್ಲಿ ಜಗಳ ಅಂದರೆ ಹಿಸ್ಸೆ, ಆಸ್ತಿಯ ಪಾಲು. ಮಲೆನಾಡಿನ ಮನೆಗಳಲ್ಲಿ ಹಬ್ಬದ ದಿನ ಯಾರು ಎಷ್ಟು ಬಾಗುತ್ತಾರೆ ಅನ್ನೋದರಿಂದ ಏನೂ ಗೊತ್ತಾಗಲ್ಲ. ಹಿಸ್ಸೆ ಪಂಚಾಯ್ತಿಕೆ ಕೂತ ದಿನ ಎಲ್ಲ ಗೊತ್ತಾಗುತ್ತದೆ. ನಮ್ಮ ನೆಂಟರ ಮನೆಯೊಂದರ ಮಾತು ಹೇಳುತ್ತೇನೆ. ಅಣ್ಣ ಓದು ಬಿಟ್ಟು ತೋಟ ನೋಡಿಕೊಂಡವನು. ತಮ್ಮ ಬೆಂಗಳೂರು ಸೇರಿ ದುಡಿದವನು. ಇಬ್ಬರೂ ಒಳ್ಳೆಯವರೇ. ಊರಲ್ಲಿ ಇಬ್ಬರಿಗೂ “ಎಷ್ಟು ವಿನಯ ನೋಡಿ” ಅಂತಲೇ ಹೆಸರು. ಪಂಚಾಯ್ತಿಕೆಯಲ್ಲಿ ಅಣ್ಣ ಹೇಳಿದ, “ಬಗ್ಗಡ ನೆಲ ಇತ್ತು. ಬಸಿಗಾಲುವೆ ಹೊಡೆಸಿ, ಮಣ್ಣು ಹಾಕಿಸಿ ತೋಟ ಮಾಡಿದ್ದು ನಾನು.” ತಮ್ಮ ಹೇಳಿದ, “ಆ ಮಣ್ಣಿನ ದುಡ್ಡು ಯಾರದ್ದು? ಬೋರ್ ಹೊಡೆಸಿದ್ದು ಯಾರು?” ಎರಡೂ ನಿಜ. ಅಣ್ಣನ ಲೆಕ್ಕದಲ್ಲಿ ತೋಟದಲ್ಲಿ ಹನ್ನೆರಡಾಣೆ ತನ್ನದು. ತಮ್ಮನ ಲೆಕ್ಕದಲ್ಲಿ ಹತ್ತಾಣೆ ತನ್ನದು. ರೂಪಾಯಿಗೆ ಹದಿನಾರಾಣೆ ದಾಟಿ ಹೋಯಿತು. ಕೊಟ್ಟಿಗೆ ಗೊಬ್ಬರ ಹೊತ್ತು, ಅಡಿಕೆ ಸುಲಿಸಿ, ಬೇಯಿಸಿ, ಆಳುಗಳಿಗೆ ಊಟ ಹಾಕಿದ ಅವರ ತಾಯಿ ಒಳಗೆ ಕಾಫಿ ಸೋಸುತ್ತಿದ್ದರು. ಆ ಲೆಕ್ಕದಲ್ಲಿ ಅವರಿಗೆ ಕಾಲಾಣೆಯೂ ಉಳಿದಿರಲಿಲ್ಲ.

1979ರಲ್ಲಿ ಮೈಕೆಲ್ ರಾಸ್, ಫಿಯೋರ್ ಸಿಕೋಲಿ ಅನ್ನುವವರು ಗಂಡ-ಹೆಂಡತಿಯರನ್ನು ಬೇರೆ ಬೇರೆಯಾಗಿ ಕೇಳಿ ಇದನ್ನೇ ಕಂಡುಕೊಂಡಿದ್ದರು. ಮನೆಯ ಕೆಲಸದಲ್ಲಿ ನಿಮ್ಮ ಪಾಲೆಷ್ಟು ಅಂದರೆ ಇಬ್ಬರ ಉತ್ತರ ಕೂಡಿದಾಗ ನೂರನ್ನು ಮೀರುತ್ತಿತ್ತು. ಕಾರಣ ಬರೀ ಸ್ವಾರ್ಥ ಅಲ್ಲ. ತಾನು ಮಾಡಿದ್ದು ತನಗೆ ಚೆನ್ನಾಗಿ ನೆನಪಿರುತ್ತದೆ. ಇನ್ನೊಬ್ಬರು ಮಾಡಿದ್ದನ್ನು ನಾವು ಕಂಡಿರುವುದೇ ಕಡಿಮೆ. ಅಣ್ಣನಿಗೆ ಬೆಂಗಳೂರಿನ ಬಾಡಿಗೆ ಮನೆ, ರಾತ್ರಿ ಪಾಳಿ ಕಂಡಿಲ್ಲ. ತಮ್ಮನಿಗೆ ಆಷಾಢದ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿ ಮದ್ದು ಹೊಡೆಸಿದ್ದು ಕಂಡಿಲ್ಲ. ಇಲ್ಲಿ “ನಂದೇನಿದೆ” ಅನ್ನೋ ಮಾತಿನಿಂದ ಉಪಯೋಗ ಇಲ್ಲ. ‘ನಾನು ಕಾಣದ್ದು ಏನಾದರೂ ಇದೆಯಾ’ ಅಂತ ಒಬ್ಬರು ಕೇಳಬೇಕು. ಆ ಪಂಚಾಯ್ತಿಕೆಯಲ್ಲಿ ಅದನ್ನು ಕೇಳಿದ್ದು ಅಣ್ಣನ ಹೆಂಡತಿ. ಗಂಡನನ್ನಲ್ಲ, ಮೈದುನನನ್ನು. “ನೀ ದುಡ್ಡು ಕಳಿಸಿದ ವರ್ಷ ನಿಂಗೆ ಕೆಲಸ ಇತ್ತನಾ?” ಅಂದಳು. ಇರಲಿಲ್ಲವಂತೆ. ಸಾಲ ಮಾಡಿ ಕಳಿಸಿದ್ದನಂತೆ. ಆಮೇಲೆ ಕೂತವರ ದನಿ ಇಳಿಯಿತು. ಕಾಗದ ಆಗೋಕೆ ಇನ್ನೂ ಎಷ್ಟೋ ತಿಂಗಳು ಹಿಡಿಯಿತು, ಅದು ಬೇರೆ ಮಾತು.

ಅಧಿಕಾರದ ವಿಷಯ ಮಾತ್ರ ಇನ್ನೂ ಕಠಿಣ. ಅಮೆರಿಕದ ಪ್ರಬಂಧಗಳನ್ನು ಓದಿ ನಮ್ಮ ಸೀಮೆಗೆ ಬಂದರೆ ನಾನು ಮೊದಲು ತಡವರಿಸೋದು ಇಲ್ಲೇ. ಮಲೆನಾಡಿನಲ್ಲಿ ವಿನಯ ಬಹುಕಾಲ ಕೆಲವರ ಪಾಲಿಗೆ ಗುಣವಾಗಿತ್ತು, ಉಳಿದವರ ಪಾಲಿಗೆ ಕಡ್ಡಾಯವಾಗಿತ್ತು. ಜಮೀನಿನ ಒಡೆಯರ ಅಂಗಳದಲ್ಲಿ ಬಗ್ಗಿ ನಿಂತ ಗೇಣಿದಾರನನ್ನು ವಿನಯವಂತ ಅಂತ ಕರೆಯೋದು ಅನ್ಯಾಯ. ಅವನು ನೆಟ್ಟಗೆ ನಿಂತರೆ ಗದ್ದೆ ಹೋಗುತ್ತಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಆ ಗೇಣಿದಾರರು ನೆಟ್ಟಗೆ ನಿಂತರು. ಜಗಳದ ಬೇರು ಒಂದು ಕೊಳಗ. ಗೇಣಿ ಅಳೆಯೋಕೆ ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು. ಸರಿಯಾದ ಕೊಳಗದಲ್ಲಿ ಅಳೆಯಿರಿ ಅಂತ ಕೇಳಿದರು. ಎಚ್. ಗಣಪತಿಯಪ್ಪನವರ ರೈತ ಸಂಘ, ಶಾಂತವೇರಿ ಗೋಪಾಲಗೌಡರು, ಸಮಾಜವಾದಿ ಪಕ್ಷ ಎಲ್ಲ ಜೊತೆಗೆ ಬಂದವು. ರಾಮಮನೋಹರ ಲೋಹಿಯಾ ಇಲ್ಲಿಗೇ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿ ಅನ್ನೋ ಮಾತು 1974ರ ಭೂಸುಧಾರಣೆ ತಿದ್ದುಪಡಿಯ ತನಕ ಬಂದು ಮುಟ್ಟಿತು.

ಒಡೆಯರ ಕಡೆಯವರು ಆಗ ಏನು ಅಂದಿರಬಹುದು ಅಂತ ಊಹಿಸೋಕೆ ಕಷ್ಟವಿಲ್ಲ. ಸೊಕ್ಕು ಬಂತು ಅಂದಿರುತ್ತಾರೆ. ಈಗಲೂ ಕೆಲಸದವಳು ಸಂಬಳ ಜಾಸ್ತಿ ಕೇಳಿದರೆ ಅದೇ ಮಾತು ತಾನೇ? ಆದರೆ ಟ್ಯಾಂಗ್ನಿಯವರ ಪಟ್ಟಿ ಹಿಡಿದು ನೋಡಿ. ತನ್ನದು ಎಷ್ಟೋ ಅಷ್ಟನ್ನೇ ಕಾಣೋದು ಅನ್ನೋದನ್ನು ಆ ದಿನ ಮಾಡಿದವರು ಗೇಣಿದಾರರು. ಅವರು ದೊಡ್ಡ ಕೊಳಗ ಕೇಳಲಿಲ್ಲ, ಸರಿಯಾದ ಕೊಳಗ ಕೇಳಿದರು. ಹಾಗಾಗಿ ಒಬ್ಬರ ವಿನಯವನ್ನು ಅವರ ಮೇಲಿನವರನ್ನು ಕೇಳಿ ಅಳೆದರೆ ಸಿಗುವುದು ಅಂಜಿಕೆಯ ಲೆಕ್ಕ. ಹುಕ್ ಮತ್ತು ಸಂಗಡಿಗರು 2013ರಲ್ಲಿ ಮಾಡಿದ ಒಂದು ಕೆಲಸ ಇದಕ್ಕೆ ಹತ್ತಿರ ಬರುತ್ತದೆ. ಆಪ್ತಸಮಾಲೋಚಕರಿಗೆ ತಮ್ಮದಲ್ಲದ ಸಂಸ್ಕೃತಿಯ ಮುಂದೆ ಎಷ್ಟು ವಿನಯ ಇದೆ ಅನ್ನೋದಕ್ಕೆ ಅವರು ಉತ್ತರ ಪಡೆದದ್ದು ಸಮಾಲೋಚಕರಿಂದಲ್ಲ, ಎದುರು ಕೂತು ಕಷ್ಟ ಹೇಳಿಕೊಳ್ಳುವವರಿಂದ. ವಿನಯ ಇದೆ ಅಂತ ಇವರಿಗೆ ಕಂಡ ಕಡೆ ಚಿಕಿತ್ಸೆಯ ಸಂಬಂಧವೂ ಗಟ್ಟಿಯಾಗಿತ್ತು.

ಇಷ್ಟೆಲ್ಲ ಮಾಡಿ ವಿನಯದಿಂದ ಸುಖ ಸಿಗುತ್ತದಾ? ಪರೀಕ್ಷೆಗೆ ಓದುವ ಮಕ್ಕಳಿಗೆ ಈ ಪ್ರಶ್ನೆ ಬಹಳ ಇಷ್ಟ. ಉತ್ತರ ಅವರಿಗೆ ಬೇಸರ ತರಿಸುತ್ತದೆ. ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್‌ಮನ್ 2004ರಲ್ಲಿ 24 ಗುಣಗಳ ದೊಡ್ಡ ಪಟ್ಟಿ ಮಾಡಿದರು. ಅದರಲ್ಲಿ ವಿನಯವೂ ಒಂದು. ಅದೇ ವರ್ಷ ನ್ಯಾನ್ಸೂಕ್ ಪಾರ್ಕ್ ಜೊತೆ ಸೇರಿ 5,299 ಜನರಲ್ಲಿ ಯಾವ ಗುಣಕ್ಕೂ ಬದುಕಿನ ತೃಪ್ತಿಗೂ ನಂಟು ಹೆಚ್ಚು ಅಂತ ನೋಡಿದರು. ಭರವಸೆ, ಉತ್ಸಾಹ, ಕೃತಜ್ಞತೆ, ಪ್ರೀತಿ, ಕುತೂಹಲ ಮೇಲೆ ಬಂದವು. ವಿನಯದ ನಂಟು ಬಹಳ ಸಡಿಲ. ಅಲ್ಲೂ ಗುರುತು ಹಾಕಿದವರು ಅವರವರೇ ಅನ್ನೋದನ್ನು ಮರೆಯಬಾರದು. ಇನ್ನೊಂದು ಕಡೆ 2014ರಲ್ಲಿ ಪೆಲಿನ್ ಕೆಸೆಬಿರ್ ತೋರಿಸಿದ ಹಾಗೆ, ವಿನಯ ಹೆಚ್ಚಿದ್ದವರು ಸಾವಿನ ನೆನಪು ತಂದಾಗ ಅಷ್ಟು ಕಂಗೆಡುವುದಿಲ್ಲ. ಅಂದರೆ ಇದು ಸಂತೋಷ ಉಕ್ಕಿಸುವ ಗುಣ ಅಲ್ಲ. ಕೆಟ್ಟ ಹೊತ್ತಿನಲ್ಲಿ ಕೈ ಹಿಡಿಯುವ ಗುಣ ಇರಬಹುದು. ನನಗೆ ಅಷ್ಟು ಸಾಕು. ಎಲ್ಲ ಗುಣವೂ ಸುಖಕ್ಕೆ ದಾರಿಯಾಗಲೇಬೇಕು ಅನ್ನೋ ಹಟ ಈ ಕ್ಷೇತ್ರದಲ್ಲಿ ಸ್ವಲ್ಪ ಜಾಸ್ತಿಯೇ ಇದೆ.

ಅಮೆರಿಕದ ಕ್ಲೀವ್‌ಲ್ಯಾಂಡಿನ ಮನೋವಿಜ್ಞಾನಿ ಜೂಲಿ ಎಕ್ಸ್‌ಲೈನ್ ಅವರದ್ದು ಇನ್ನೊಂದು ದಾರಿ. ಅವರು ಸಣ್ಣ ಸಣ್ಣ ಪ್ರಶ್ನೆ ಕೇಳುತ್ತಾರೆ. 2004ರಲ್ಲಿ ಆನ್ ಗೇಯರ್ ಜೊತೆ ಸೇರಿ, ನಿಮಗೆ ವಿನಯ ಅನುಭವಕ್ಕೆ ಬಂದ ಒಂದು ಸಂದರ್ಭ ಬರೆಯಿರಿ ಅಂತ ವಿದ್ಯಾರ್ಥಿಗಳಿಗೆ ಹೇಳಿದರು. ಸೋತ ಕತೆ ಬರುತ್ತದೆ ಅಂತ ತಾನೇ ನಾವು ಅಂದುಕೊಳ್ಳೋದು? ಹೆಚ್ಚಿನವರು ಗೆದ್ದ ಕತೆ ಬರೆದಿದ್ದರು. ಮುಂದೆ 2012ರಲ್ಲಿ ಅವರು ವಿನಯಕ್ಕೂ ಬೇರೆಯವರಿಂದ ತೆಗೆದುಕೊಳ್ಳುವ ಶಕ್ತಿಗೂ ಇರುವ ನಂಟನ್ನು ನೋಡಿದರು. ಕೊಡುವ ಶಕ್ತಿ ಅಲ್ಲ, ತೆಗೆದುಕೊಳ್ಳುವ ಶಕ್ತಿ.

ಅದನ್ನು ಓದಿದ ಹೊತ್ತಿಗೆ ನಮ್ಮ ದೊಡ್ಡಮ್ಮ ಸೊಂಟ ಮುರಿದುಕೊಂಡು ಮಲಗಿದ್ದರು. ಕೊಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಮಿಡಿ ಉಪ್ಪಿನಕಾಯಿ ಹಾಕಿದರೆ ನೆಂಟರಿಗೆ ಭರಣಿ, ಊರಿನ ಬಸ್ಸಿನ ಕಂಡಕ್ಟರಿಗೆ ಬಾಟಲಿ. ಮಲಗಿದ ಮೇಲೆ ಪಕ್ಕದ ಮನೆಯ ಹುಡುಗಿ ಬಂದು ತಲೆ ಬಾಚಿ ಜಡೆ ಹಾಕುತ್ತಿದ್ದಳು. ಬಾಚಿ ಎದ್ದರೆ ದೊಡ್ಡಮ್ಮ, “ಅಟ್ಟದ ಬುಡದಲ್ಲಿ ಕಾಯಿ ಇದೆ, ಒಂದು ತಗಂಡು ಹೋಗು” ಅಂತಾರೆ. ಬೇಡ ಅಂದರೆ ನಾಳೆಯಿಂದ ಬರಬೇಡ. ಅವರ ಮನೆಯಿಂದ ಸಾರು ಬಂದರೆ ಪಾತ್ರೆ ಖಾಲಿ ಹೋಗಕೂಡದು, ಬೆಲ್ಲದ ಚೂರಾದರೂ ಇರಬೇಕು. ಹುಡುಗಿಯ ಅಮ್ಮ ನನ್ನ ಹತ್ತಿರ ನಕ್ಕು ಹೇಳಿದರು, “ನಿಮ್ಮ ದೊಡ್ಡಮ್ಮಂಗೆ ಜಡೆ ಹಾಕಿ ಹಾಕಿ ನಮ್ಮನೇಲಿ ಕಾಯಿ ಇಡೋಕೆ ಜಾಗ ಇಲ್ಲ.”

ಎಕ್ಸ್‌ಲೈನ್ ಅವರ ಮಾತನ್ನು ಸೀದಾ ಹಚ್ಚಿದರೆ ದೊಡ್ಡಮ್ಮನಿಗೆ ವಿನಯ ಕಡಿಮೆ ಅನ್ನಬೇಕಾಗುತ್ತದೆ. ಹಾಗೆ ಹೇಳೋಕೆ ನನಗೆ ಮನಸ್ಸು ಬರಲ್ಲ. ಹದಿನೈದು ತುಂಬುವ ಮೊದಲೇ ದೊಡ್ಡ ಕೂಡುಕುಟುಂಬಕ್ಕೆ ಸೊಸೆಯಾಗಿ ಬಂದವರು. ಉಂಡ ಅನ್ನವನ್ನು ಎಣಿಸಿ ಹೇಳಿಸಿಕೊಂಡವರು. ಹಂಗಿನ ಅನ್ನದ ರುಚಿ ಗೊತ್ತಿದ್ದವರಿಗೆ ತೆಗೆದುಕೊಳ್ಳೋದು ಸುಲಭ ಅಲ್ಲ. ಹುಡುಗಿಗೆ ಕೊಟ್ಟ ತೆಂಗಿನಕಾಯಿ ಜಂಬ ಅಲ್ಲ, ಇನ್ಯಾರೂ ಎಣಿಸಿ ಹೇಳದಿರಲಿ ಅನ್ನೋ ಎಚ್ಚರಿಕೆ. ಪಟ್ಟಿಗೆ ಇದು ಕಾಣಲ್ಲ. ಪಕ್ಕದ ಮನೆಯವರಿಗೆ ಕಂಡಿತ್ತು. ಅದಕ್ಕೇ ಅವರು ಕಾಯಿ ಬೇಡ ಅನ್ನದೆ ಒಯ್ಯುತ್ತಿದ್ದರು. ಆ ಕಾಯಿಯಲ್ಲೇ ಚಟ್ನಿ ಮಾಡಿ ದೋಸೆಯ ಜೊತೆ ಮತ್ತೆ ಕಳಿಸುತ್ತಿದ್ದರು.

ಈಚೆಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಪ್ರಾಜೆಕ್ಟಿಗೆ ವಿನಯವನ್ನೇ ತಗೊಳ್ತೀನಿ, ಅಡಿಕೆ ಬೆಳೆಗಾರರಲ್ಲಿ ಮಾಡ್ತೀನಿ ಅಂದಳು. 2011ರ ಆ 16 ವಾಕ್ಯಗಳನ್ನು ಕನ್ನಡಕ್ಕೆ ತರುವ ಕೆಲಸ ಶುರು ಮಾಡಿದ್ದಾಳೆ. ಉತ್ತರ ಯಾರ ಹತ್ತಿರ ತುಂಬಿಸ್ತೀಯ ಅಂತ ಕೇಳಿದೆ. “ಮನೆಯವರ ಹತ್ತಿರ, ಸ್ನೇಹಿತರ ಹತ್ತಿರ, ಸೊಸೈಟಿಯ ಡೈರೆಕ್ಟರುಗಳ ಹತ್ತಿರ” ಅಂದಳು. ಡೈರೆಕ್ಟರುಗಳನ್ನು ಬಿಟ್ಟುಬಿಡು ಅಂದೆ. ಕೊನೆಗೌಡರನ್ನು ಕೇಳು, ಅಡಿಕೆ ಸುಲಿಯೋಕೆ ಬರುವ ಹೆಂಗಸರನ್ನು ಕೇಳು, ಮನೆಗೆ ಬಂದ ಸೊಸೆಯರನ್ನು ಕೇಳು.

“ಅವರು ನಿಜ ಹೇಳ್ತಾರಾ ಮೇಡಂ? ಯಜಮಾನರು ಅಲ್ಲೇ ಜಗಲಿ ಮೇಲೆ ಕೂತಿರ್ತಾರೆ” ಅಂದಳು.

ಸರಿಯಾದ ಪ್ರಶ್ನೆ. ಬಟವಾಡೆ ಆಗುವ ಮೊದಲು ಕೇಳಬೇಡ, ಅಂಗಳದಲ್ಲೂ ಕೇಳಬೇಡ ಅಂತ ಹೇಳಿ ಕಳಿಸಿದ್ದೇನೆ. ಸುಲಿಯುವ ಹೆಂಗಸರು ಸಂಜೆ ಬಸ್ಸಿಗೆ ಕಾಯುತ್ತಾ ನಿಲ್ಲುವ ತಂಗುದಾಣ ಇದೆ, ಅಲ್ಲಿ ಕೇಳಬೇಕು. ಸೊಸೆಯರದ್ದು ಮಾತ್ರ ಎಲ್ಲಿ, ಯಾವಾಗ ಅಂತ ನಮ್ಮಿಬ್ಬರಿಗೂ ಇನ್ನೂ ಹೊಳೆದಿಲ್ಲ.